ಸರ್ವಿಸ್ ಮಾಡಿಸಿ ತಂದ ಮೇಲೆ ಆಯಿಲ್ ಸೋರುತ್ತಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರನ್ನು ಸರ್ವಿಸಿಗೆ ಬಿಟ್ಟು ತಂದ ಮೇಲೆ ಎಂಜಿನ್ ಆಯಿಲ್ ಸೋರುವುದರ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಐದು ವರ್ಷದ ಸಣ್ಣ ಪೆಟ್ರೋಲ್ ಕಾರು. ನಾಲ್ಕು ದಿನದ ಹಿಂದೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಮುಂದಿನ ಚಕ್ರಗಳ ನಡುವೆ ನೆಲದ ಮೇಲೆ ಚಹಾ ಸಾಸರಿನಷ್ಟು ಅಗಲದ ಕಲೆ. ಗ್ಯಾರೇಜಿನವರು "ಫಿಲ್ಟರ್ ಬಿಚ್ಚುವಾಗ ಚೆಲ್ಲಿದ್ದು ಸಾರ್, ಓಡಿಸ್ತಾ ಓಡಿಸ್ತಾ ನಿಲ್ಲುತ್ತೆ" ಅನ್ನುತ್ತಾರೆ. ನಂಬಬಹುದೇ? (ಹಾಸನ)

ಉತ್ತರ: ಅವರ ಮಾತು ನಿಜವಿರಲೂಬಹುದು, ಸುಳ್ಳಿರಲೂಬಹುದು. ಎರಡನ್ನೂ ಮನೆಯಲ್ಲೇ ಪರೀಕ್ಷಿಸಲು ಸಾಧ್ಯ. ಆದರೆ ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಬಹುತೇಕ ಕಾರುಗಳಲ್ಲಿ 0.8ರಿಂದ 1 ಲೀಟರ್ ಅಂತರವಿರುತ್ತದೆ. ಇಂಥ ಎಂಜಿನ್ ಹಿಡಿಯುವುದೇ ಸುಮಾರು 3ರಿಂದ 3.5 ಲೀಟರ್. ಹಾಗಾಗಿ ಮಟ್ಟ ಕೆಳಗಿನ ಗುರುತಿಗೆ ಬಂದಿದ್ದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆಯಿಲ್ ಆಗಲೇ ಹೋಗಿದೆ ಎಂದು ಅರ್ಥ. ಅಂಥ ಕಾರನ್ನು "ಗ್ಯಾರೇಜಿನ ತನಕ ತಾನೇ" ಎಂದುಕೊಂಡು ಚಾಲು ಮಾಡಬೇಡಿ. ಅದೇ ಗ್ರೇಡಿನ ಆಯಿಲ್ ಅರ್ಧ ಲೀಟರ್ ಹಾಕಿ, ಮತ್ತೆ ನೋಡಿ, ಆಮೇಲೆ ಹೊರಡಿ.

ಮಟ್ಟ ಸರಿಯಿದ್ದರೆ ಬಣ್ಣ ನೋಡಿ. ಪೆಟ್ರೋಲ್ ಕಾರಿನಲ್ಲಿ ಈ ಗುರುತು ತುಂಬ ಉಪಯೋಗಕ್ಕೆ ಬರುತ್ತದೆ. ರಾತ್ರಿ ಕಾರಿನಡಿ ಬಿಳಿ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದ ಹನಿಯ ಪಕ್ಕದಲ್ಲೇ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಡಿ. ನಾಲ್ಕು ದಿನದ ಹೊಸ ಆಯಿಲ್ ಇನ್ನೂ ಜೇನಿನ ಬಣ್ಣದಲ್ಲಿರುತ್ತದೆ, ಅಂಚಿನಲ್ಲಿ ಬೆಳಕು ಹಾಯುತ್ತದೆ. ಕೆಳಗೆ ಬಿದ್ದದ್ದು ಇದ್ದಿಲ ಕಪ್ಪಾಗಿದ್ದು ಕಡ್ಡಿಯದ್ದು ಜೇನಿನಂತಿದ್ದರೆ, ಬೀಳುತ್ತಿರುವುದು ಬಿಚ್ಚುವಾಗ ಚೆಲ್ಲಿದ ಹಳೇ ಆಯಿಲ್. ಎರಡೂ ಒಂದೇ ಬಣ್ಣವಾಗಿದ್ದರೆ ಹೆಚ್ಚಾಗಿ ಹೊಸ ಆಯಿಲೇ ಹೊರಗೆ ಬರುತ್ತಿದೆ. ಸುರಿಯುವಾಗ ಮೇಲಿಂದ ಚೆಲ್ಲಿದ್ದೂ ಅದೇ ಬಣ್ಣದ್ದಾದ್ದರಿಂದ ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ, ಮುಂದಿನ ಪರೀಕ್ಷೆಗಳನ್ನೂ ಮಾಡಿ.

ಚೆಲ್ಲಿದ ಆಯಿಲ್ ನಾಲ್ಕೈದು ದಿನ ತೊಟ್ಟಿಕ್ಕುವುದು ಅಸಹಜವೇನಲ್ಲ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಅಂಡರ್‌ಕವರಿನ ಗುಳಿಗಳಲ್ಲಿ ಅದು ನಿಂತಿದ್ದು, ಹಂಪ್ ಹತ್ತಿ ಇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಚೆಲ್ಲುತ್ತದೆ. ಆದರೆ ದಿನದಿಂದ ದಿನಕ್ಕೆ ಕಲೆ ಕಿರಿದಾಗಲೇಬೇಕು. ಪ್ರತಿ ರಾತ್ರಿ ಹೊಸ ರಟ್ಟು ಹಾಕಿ, ತಾರೀಕು ಬರೆದಿಟ್ಟುಕೊಳ್ಳಿ. ಮೂರನೇ ರಟ್ಟಿನ ಕಲೆ ಮೊದಲನೆಯದರಷ್ಟೇ ಇದ್ದರೆ ಚೆಲ್ಲಿದ್ದೆಂಬ ಮಾತು ಅಲ್ಲಿಗೇ ಮುಗಿಯಿತು.

ಆಗ ಕಾರನ್ನು ಲಿಫ್ಟಿಗೆ ಹಾಕಿಸಬೇಕು. ಬರೀ ಜಾಕಿ ಮೇಲೆ ಎತ್ತಿದ ಕಾರಿನಡಿ ದಯವಿಟ್ಟು ನುಗ್ಗಬೇಡಿ, ಪಕ್ಕದಲ್ಲಿ ಕಲ್ಲು ಕೊಟ್ಟಿದ್ದರೂ ಬೇಡ. ಅಂಡರ್‌ಕವರ್ ಬಿಚ್ಚಿಸಿ, ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ), ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್, ಫಿಲ್ಟರಿನ ಸುತ್ತ ಎಲ್ಲವನ್ನೂ ಜಿಡ್ಡು ತೆಗೆಯುವ ಡಿಗ್ರೀಸರ್‌ನಿಂದ ಒರೆಸಿ ಒಣಗಿಸಲು ಹೇಳಿ. ಒರೆಸದೆ "ಇಲ್ಲಿಂದ ಬರ್ತಿದೆ" ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೂ ಪಕ್ಕಕ್ಕೂ ಹರಡುತ್ತದೆ, ಹನಿ ತೊಟ್ಟಿಕ್ಕುವ ಜಾಗ ಮತ್ತು ಸೋರುವ ಜಾಗ ಎಷ್ಟೋ ಸಲ ಬೇರೆ ಬೇರೆ. ಒಣಗಿದ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಹತ್ತು ನಿಮಿಷ ಓಡಿಸಿ. ಬಿಳಿ ಪುಡಿಯ ಮೇಲೆ ಮೊದಲ ಕಂದು ಗೆರೆ ಎಲ್ಲಿ ಮೂಡುತ್ತದೋ ಅದರ ಮೇಲ್ತುದಿಯೇ ಮೂಲ.

ಆಯಿಲ್ ಸರ್ವಿಸಿನಲ್ಲಿ ಕೈ ತಾಗುವ ಜಾಗಗಳು ನಾಲ್ಕೇ: ಡ್ರೈನ್ ಬೋಲ್ಟ್, ಫಿಲ್ಟರ್, ಆಯಿಲ್ ಹಾಕುವ ಮುಚ್ಚಳ, ಡಿಪ್‌ಸ್ಟಿಕ್. ಕೊನೆಯ ಎರಡನ್ನು ಬಾನೆಟ್ ಎತ್ತಿದರೆ ನೀವೇ ನೋಡಬಹುದು. ಉಳಿದ ಎರಡರ ಸ್ವಭಾವ ಬೇರೆ ಬೇರೆ. ಡ್ರೈನ್ ಬೋಲ್ಟ್ ಇರುವುದು ಚೇಂಬರಿನ ತಳದಲ್ಲಿ. ಅಲ್ಲಿ ಪಂಪಿನ ಒತ್ತಡವಿಲ್ಲ, ಬರೀ ಆಯಿಲಿನ ಭಾರ. ಆದ್ದರಿಂದ ಆ ಸೋರಿಕೆ ನಿಂತಾಗಲೂ ಓಡುವಾಗಲೂ ಒಂದೇ ಹದದಲ್ಲಿ ತೊಟ್ಟಿಕ್ಕುತ್ತದೆ. ಫಿಲ್ಟರಿನೊಳಗೆ ಪಂಪಿನ ಪೂರ್ತಿ ಒತ್ತಡ ಇರುತ್ತದೆ. ಅದು ನಿಂತಾಗ ಸುಮ್ಮನಿದ್ದು, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾಗುತ್ತದೆ. ರಾತ್ರಿಯಿಡೀ ನಿಂತ ಕಾರಿನಡಿ ನಿಮಗೆ ಹನಿ ಕಾಣುತ್ತಿರುವುದರಿಂದ ಮೊದಲ ಅನುಮಾನ ಡ್ರೈನ್ ಬೋಲ್ಟಿನ ವಾಷರ್ ಮೇಲೆ. ತಾಮ್ರದ್ದೋ ಅಲ್ಯೂಮಿನಿಯಂದೋ ಆದ ಆ ವಾಷರ್ ಒಮ್ಮೆ ಬಿಗಿದಾಗ ಹಿಸುಕಿ ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಎರಡನೇ ಸಲ ಹಾಗೆ ಹಿಸುಕಲಾರದು. ಪ್ರತಿ ಆಯಿಲ್ ಬದಲಾವಣೆಗೂ ಹೊಸದು ಹಾಕಬೇಕೆಂಬುದು ಅದಕ್ಕೇ. ಅತಿ ಕಡಿಮೆ ಬೆಲೆಯ ಈ ಭಾಗವನ್ನೇ ಅತಿ ಹೆಚ್ಚು ಸಲ ಮರೆಯುತ್ತಾರೆ. ಹಳೆಯದು ಚೇಂಬರಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದೊಂದನ್ನು ಕೂರಿಸಿದ್ದರೂ ಸೋರುತ್ತದೆ.

ಫಿಲ್ಟರಿನಲ್ಲಿ ಆಗುವ ತಪ್ಪು ಇದಕ್ಕಿಂತ ಅಪಾಯದ್ದು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಕಚ್ಚಿಕೊಂಡು ಉಳಿಯುವುದುಂಟು. ಅದನ್ನು ನೋಡದೆ ಹೊಸ ಫಿಲ್ಟರ್ ಹಾಕಿದರೆ ಒಂದರ ಮೇಲೊಂದು ಎರಡು ರಿಂಗ್. ಮೊದಮೊದಲು ಸೋರದೆಯೂ ಇರಬಹುದು. ಚಳಿಯಲ್ಲಿ ಬೆಳಿಗ್ಗೆ ಚಾಲು ಮಾಡಿದಾಗ ಆಯಿಲ್ ಗಟ್ಟಿಯಾಗಿದ್ದು ಒತ್ತಡ ಏರುತ್ತದೆ, ರಿಂಗ್ ಜಾರಿ ಹೊರಗೆ ಬರುತ್ತದೆ, ಚೇಂಬರ್ ಕೆಲವೇ ನಿಮಿಷಗಳಲ್ಲಿ ಖಾಲಿ. ಲಿಫ್ಟಿನ ಮೇಲಿರುವಾಗಲೇ ಫಿಲ್ಟರ್ ಬಿಚ್ಚಿಸಿ, ಕೂರುವ ಜಾಗಕ್ಕೆ ಬೆರಳು ಆಡಿಸಿ ನೋಡಲು ಹೇಳಿ. ಹೊಸದರ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಬಿಗಿಯಬೇಕು. ಎಷ್ಟು ಎಂಬುದನ್ನು ಫಿಲ್ಟರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಪ್ರಶ್ನೆ: ಸರ್ವಿಸ್ ಆದ ವಾರಕ್ಕೆ ಶಿರಾಡಿ ಘಾಟಿ ಹತ್ತುವಾಗ ತಿರುವುಗಳಲ್ಲಿ ಕೆಂಪು ಆಯಿಲ್ ದೀಪ ಮಿನುಗಿ ಆರುತ್ತಿತ್ತು. ಸಕಲೇಶಪುರದವರೆಗೆ ಓಡಿಸಿಕೊಂಡು ಹೋಗಬಹುದಿತ್ತೇ? (ಮಂಗಳೂರು)

ಉತ್ತರ: ಖಂಡಿತ ಇಲ್ಲ. ಆ ದೀಪ ತೋರಿಸುವುದು ಆಯಿಲಿನ ಪ್ರಮಾಣವನ್ನಲ್ಲ, ಒತ್ತಡವನ್ನು. ಏರು ಮತ್ತು ತಿರುವಿನಲ್ಲಿ ಆಯಿಲ್ ಚೇಂಬರಿನ ಒಂದು ಬದಿಗೆ ಸರಿದಾಗ ಪಂಪಿನ ಜಾಲರಿ ಗಾಳಿ ಎಳೆಯುತ್ತಿದೆ, ಆಗ ಮಿನುಗುತ್ತದೆ. ಮಟ್ಟ ಎಷ್ಟು ಕೆಳಗಿಳಿದಿದೆ ಎಂಬುದಕ್ಕೆ ಇದೇ ಸಾಕ್ಷಿ. ಒತ್ತಡವಿಲ್ಲದೆ ಓಡಿದರೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು ನಿಮಿಷಗಳಲ್ಲಿ ಸುಟ್ಟು ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ, ಅಂದರೆ ಸೀಜ್ ಆಗುತ್ತದೆ. ದೀಪ ಕಂಡ ಕೂಡಲೇ ಎಡಕ್ಕೆ ತೆಗೆದು ಎಂಜಿನ್ ಆರಿಸಿ. ಎಂಜಿನ್ ಆರಿದ ಮೇಲೆ ಬ್ರೇಕ್, ಸ್ಟೀರಿಂಗ್ ಎರಡೂ ಗಟ್ಟಿಯಾಗುತ್ತವೆ, ಹಾಗಾಗಿ ಮೊದಲು ಪೂರ್ತಿ ನಿಲ್ಲಿಸಿ, ಆಮೇಲೆ ಆರಿಸಿ. ಮಟ್ಟ ತುಂಬಿಸಿ ಚಾಲು ಮಾಡಿದರೆ ದೀಪ ಐದಾರು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ, ಅಥವಾ ಹಾಕಿದ ಆಯಿಲ್ ಅಲ್ಲೇ ಸುರಿದುಹೋಗುತ್ತಿದ್ದರೆ, ಟೋಯಿಂಗ್ ಗಾಡಿಯೊಂದೇ ದಾರಿ. ಘಾಟಿಗೆ ಹೊರಡುವವರು ಒಂದು ಲೀಟರ್ ಆಯಿಲ್ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಡ್ರೈನ್ ಬೋಲ್ಟಿನ ಥ್ರೆಡ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಎಂ-ಸೀಲ್ ಹಚ್ಚಿದರೆ ಸಾಕಂತೆ. ಇನ್ನೊಬ್ಬರು ಟೆಫ್ಲಾನ್ ಟೇಪ್ ಸುತ್ತಿ ಎನ್ನುತ್ತಾರೆ. ಯಾವುದು ಸರಿ? (ದಾವಣಗೆರೆ)

ಉತ್ತರ: ಎರಡೂ ಬೇಡ. ಎಂ-ಸೀಲ್ ಹಚ್ಚಿದರೆ ಮುಂದಿನ ಆಯಿಲ್ ಬದಲಾವಣೆಗೆ ಅದನ್ನು ಉಳಿ ಹಾಕಿ ಒಡೆಯಬೇಕು, ಉಳಿದ ಥ್ರೆಡ್ಡೂ ಅದರೊಂದಿಗೇ ಹೋಗುತ್ತದೆ. ಟೆಫ್ಲಾನ್ ಟೇಪಿನ ಎಳೆ ಹರಿದು ಒಳಗೆ ಹೋದರೆ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಧಾರಾಳವಾಗಿ ಹಚ್ಚಿದ ಸಿಲಿಕೋನ್ ಪೇಸ್ಟಿನದ್ದೂ ಅದೇ ತೊಂದರೆ.

ಥ್ರೆಡ್ ಹೋಗುವುದು ಹೇಗೆಂದು ತಿಳಿದಿರಲಿ. ಸಣ್ಣ ಕಾರುಗಳ ಈ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿತ 30ರಿಂದ 40 ನ್ಯೂಟನ್ ಮೀಟರ್. ಒಂದು ಗೇಣುದ್ದದ ಸ್ಪ್ಯಾನರಿನ ತುದಿ ಹಿಡಿದು ಸುಮಾರು 15 ಕಿಲೋ ಭಾರದಷ್ಟು ಎಳೆದರೆ ಅಷ್ಟಾಯಿತು. ಹಳೇ ವಾಷರ್ ಹಾಕಿದಾಗ ಸೋರುತ್ತದೆ, ಸೋರಿದ್ದಕ್ಕೆ ಇನ್ನಷ್ಟು ಬಿಗಿಯುತ್ತಾರೆ, ಅದಕ್ಕೂ ನಿಲ್ಲದಿದ್ದಾಗ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುತ್ತಾರೆ. ಬೋಲ್ಟ್ ಉಕ್ಕಿನದ್ದು, ಚೇಂಬರ್ ಅಲ್ಯೂಮಿನಿಯಂದಾಗಿದ್ದರೆ ಸವೆಯುವುದು ಚೇಂಬರಿನ ಥ್ರೆಡ್. ಬಿಗಿಯುತ್ತಾ ಹೋದಂತೆ ಗಟ್ಟಿಯಾಗದೆ ಮೆತ್ತಗೆ ಸುತ್ತುತ್ತಲೇ ಇದ್ದರೆ ಅಲ್ಲಿ ಕೈ ನಿಲ್ಲಿಸಬೇಕು.

ಮೊದಲು ಹೊಸ ಬೋಲ್ಟ್, ಹೊಸ ವಾಷರ್ ಹಾಕಿ ನೋಡಲು ಹೇಳಿ. ಎಷ್ಟೋ ಸಲ ಹಾಳಾಗಿರುವುದು ಬೋಲ್ಟ್ ಮಾತ್ರ. ಚೇಂಬರಿನದೇ ಹೋಗಿದ್ದರೆ ಸರಿಯಾದ ದುರಸ್ತಿ ಹೆಲಿಕಾಯಿಲ್: ರಂಧ್ರವನ್ನು ತುಸು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಹಾಕಿ, ಉಕ್ಕಿನ ಸುರುಳಿ ಕೂರಿಸುವುದು. ಅದರಲ್ಲಿ ಮೊದಲಿನ ಅಳತೆಯ ಬೋಲ್ಟೇ ಕೂರುತ್ತದೆ, ಥ್ರೆಡ್ ಮೊದಲಿಗಿಂತ ಗಟ್ಟಿ. ಚೇಂಬರ್ ಇಳಿಸಿ ಲೇಥ್ ಅಂಗಡಿಯಲ್ಲಿ ಮಾಡಿಸುವುದೇ ಮೇಲು, ಕೊರೆದ ಲೋಹದ ಪುಡಿ ಒಳಗೆ ಉಳಿಯುವುದಿಲ್ಲ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಬೋಲ್ಟ್ ಅಂಗಡಿಯಲ್ಲಿ ಸಿಗುತ್ತದೆ. ಓರೆಯಾಗಿ ಹೊಕ್ಕರೆ ಚೇಂಬರನ್ನೇ ಸೀಳಬಲ್ಲದ್ದರಿಂದ ನಾವು ಅದನ್ನು ಶಿಫಾರಸು ಮಾಡುವುದಿಲ್ಲ.

ಚೇಂಬರ್ ಇಳಿಸಿದರೆ ಇನ್ನೊಂದು ಮಾತು. ಅನೇಕ ಎಂಜಿನ್ನುಗಳಲ್ಲಿ ಅಲ್ಲಿ ಪ್ಯಾಕಿಂಗ್ (ಗ್ಯಾಸ್ಕೆಟ್) ಇರುವುದಿಲ್ಲ, ಸಿಲಿಕೋನ್ ಪೇಸ್ಟಿನದೇ ಸೀಲ್. ಹಳೇ ಪೇಸ್ಟ್ ಪೂರ್ತಿ ಕೆರೆದು, ಎರಡೂ ಮುಖದ ಜಿಡ್ಡು ಒರೆಸಿ, 3 ಮಿಲಿಮೀಟರ್ ಆಸುಪಾಸಿನ ಒಂದೇ ಎಳೆಯಾಗಿ ಹಚ್ಚಿ, ಪ್ರತಿ ಬೋಲ್ಟ್ ರಂಧ್ರದ ಒಳಬದಿಯಿಂದ ಸುತ್ತಿಸಿಕೊಂಡು ಹೋಗಬೇಕು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಹಿಡಿಯುತ್ತದೆ. ಸಂಜೆಗೇ ಗಾಡಿ ಬೇಕೆಂದು ಒತ್ತಾಯಿಸಬೇಡಿ. ಅವಸರದಲ್ಲಿ ಆಯಿಲ್ ತುಂಬಿಸಿದ ಚೇಂಬರ್ ಮತ್ತೆ ಸೋರಿದರೆ ಇಡೀ ಕೆಲಸ ಮೊದಲಿಂದ.

ಪ್ರಶ್ನೆ: ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿದೆ. "ಜಾಸ್ತಿ ಇದ್ದರೆ ಒಳ್ಳೇದೇ" ಎಂದರು. ಹೌದೇ? (ತುಮಕೂರು)

ಉತ್ತರ: ಅಲ್ಲ. ಒಂದು ಬೆರಳೆಂದರೆ ಅರ್ಧ ಲೀಟರೋ ಅದಕ್ಕೂ ಹೆಚ್ಚೋ ಇರಬಹುದು. ಕ್ರ್ಯಾಂಕ್‌ಶಾಫ್ಟ್ ಆಯಿಲಿಗೆ ಬಡಿದು, ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚು, ಬೇರಿಂಗಿಗೆ ಸಿಗಬೇಕಾದ ಪದರ ಸಿಗುವುದಿಲ್ಲ. ಆಯಿಲಿನ ಆವಿ ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರಿನತ್ತ ಹೋಗಿ ನೀಲಿ ಹೊಗೆ ಬರಬಹುದು, ಒಳಗಿನ ಒತ್ತಡಕ್ಕೆ ಹಳೇ ಸೀಲುಗಳು ಸೋರತೊಡಗಬಹುದು. ಡಿಪ್‌ಸ್ಟಿಕ್ ಕೊಳವೆಯಿಂದ ಸಣ್ಣ ಪೈಪು ಇಳಿಸಿ, ದೊಡ್ಡ ಸಿರಿಂಜಿನಲ್ಲಿ 200 ಮಿಲಿಲೀಟರಿನಂತೆ ಎಳೆದು ತೆಗೆಯುತ್ತಾ ಮಟ್ಟ ನೋಡಿ. ನಿಮ್ಮದು ಬಿಎಸ್6 ಡೀಸೆಲ್ ಆಗಿದ್ದು, ಯಾರೂ ಹಾಕದೆಯೇ ಮಟ್ಟ ಏರುತ್ತಿದ್ದರೆ, ಪೇಟೆಯೊಳಗಿನ ಸಣ್ಣ ಓಡಾಟದಿಂದ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಪೂರ್ತಿ ಸ್ವಚ್ಛವಾಗದೆ ಡೀಸೆಲ್ ಆಯಿಲಿಗೆ ಇಳಿಯುತ್ತಿದೆ. ಆಗ ಎಳೆದು ತೆಗೆದರೆ ಸಾಲದು, ಆಯಿಲನ್ನೇ ಬದಲಿಸಬೇಕು.

ಪ್ರಶ್ನೆ: ನನ್ನದು 2014ರ 1.3 ಲೀಟರ್ ಡೀಸೆಲ್ ಹ್ಯಾಚ್‌ಬ್ಯಾಕ್. ಫಿಲ್ಟರ್ ಬದಲಿಸಿದಾಗಿನಿಂದ ಎಂಜಿನ್ನಿನ ಒಂದು ಬದಿಯೆಲ್ಲ ಜಿಡ್ಡು. ಆಯಿಲ್ ಹೊಸದಾದರೂ ಕಪ್ಪಗಿದೆ, ಬಣ್ಣ ನೋಡಿ ಏನೂ ತಿಳಿಯುತ್ತಿಲ್ಲ. (ಕಲಬುರಗಿ)

ಉತ್ತರ: ಡೀಸೆಲಿನಲ್ಲಿ ಹೊಸ ಆಯಿಲ್ ಸ್ವಲ್ಪ ಓಡಿಸಿದ ಕೂಡಲೇ ಮಸಿಯಿಂದ ಕಪ್ಪಾಗುತ್ತದೆ. ಬಣ್ಣದ ಪರೀಕ್ಷೆ ಇಲ್ಲಿ ನಡೆಯದು, ಒರೆಸಿ ಪೌಡರ್ ಹಾಕುವುದೇ ಸರಿ. ಈ ಎಂಜಿನ್ನಿನ ಫಿಲ್ಟರ್ ಡಬ್ಬಿಯಂಥದ್ದಲ್ಲ. ಮುಚ್ಚಳವಿರುವ ಗೂಡಿನೊಳಗೆ ಬರೀ ಕಾಗದದ ಉರುಳೆ ಇರುತ್ತದೆ, ಮುಚ್ಚಳಕ್ಕೊಂದು ಓ-ರಿಂಗ್. ಹೊಸ ಫಿಲ್ಟರಿನ ಪೊಟ್ಟಣದಲ್ಲೇ ಹೊಸ ರಿಂಗ್ ಬರುತ್ತದೆ. ಅವಸರದಲ್ಲಿ ಅದು ಪೊಟ್ಟಣದಲ್ಲೇ ಉಳಿದು ಕಸಕ್ಕೆ ಹೋಗುವುದುಂಟು. ಬಿಸಿಗೆ ಒಣಗಿ ಗಟ್ಟಿಯಾದ ಹಳೇ ರಿಂಗನ್ನು ಎಷ್ಟು ಬಿಗಿದರೂ ಅದು ಸೀಲ್ ಆಗದು. ಹೊಸ ರಿಂಗ್ ಅದರ ಕಚ್ಚಿನಲ್ಲೇ ಕೂರಬೇಕು, ಒಂದು ಎಳೆ ಮೇಲೆ ಕೂತರೆ ಸೋರುತ್ತದೆ. ಮುಚ್ಚಳಕ್ಕೆ ಬೇಕಾದ ಬಿಗಿತ 25 ನ್ಯೂಟನ್ ಮೀಟರ್ ಆಸುಪಾಸು, ಮೀರಿದರೆ ಮುಚ್ಚಳ ಬಿರುಕು ಬಿಡುತ್ತದೆ. ರಿಂಗ್ ಸರಿಯಿದ್ದೂ ಸೋರಿದರೆ, ಗೂಡಿಗೆ ಹೊಂದಿಕೊಂಡಿರುವ ಆಯಿಲ್ ಕೂಲರಿನ ಪ್ಯಾಕಿಂಗ್ ನೋಡಿಸಿ. ರೇಡಿಯೇಟರ್ ನೀರಿನ ಬಾಟಲಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಕೆನೆ ಕಂಡರೆ ಕೂಲರ್ ಒಳಗೇ ತೂತಾಗಿರುವ ಶಂಕೆ ಇದೆ, ಗಾಡಿ ಓಡಿಸಬೇಡಿ.

ಪ್ರಶ್ನೆ: ಸರ್ವಿಸ್ ಆಗಿ ಹದಿನೈದು ದಿನಕ್ಕೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಹನಿ. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಇದು ಅವರ ತಪ್ಪೇ? (ಹುಬ್ಬಳ್ಳಿ)

ಉತ್ತರ: ಆಯಿಲ್ ಬದಲಿಸುವಾಗ ಆ ಸೀಲಿನ ಹತ್ತಿರ ಯಾರೂ ಹೋಗುವುದಿಲ್ಲ. ಮಿತಿಮೀರಿ ಆಯಿಲ್ ತುಂಬಿಸಿರದಿದ್ದರೆ ಗ್ಯಾರೇಜನ್ನು ದೂರಲಾಗದು, ರಬ್ಬರ್ ಸವೆದು ಹೋಗಿರುತ್ತದೆ. ಆದರೆ ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುಂಚೆ ಎಂಜಿನ್ನಿನ ನೆತ್ತಿಯಲ್ಲಿರುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ನೋಡಿಸಿ. ಅಲ್ಲಿಂದ ಇಳಿದ ಆಯಿಲ್ ಎಂಜಿನ್ನಿನ ಬೆನ್ನ ಮೇಲೆ ಹರಿದು ಸರಿಯಾಗಿ ಅದೇ ಸಂದಿನಲ್ಲಿ ತೊಟ್ಟಿಕ್ಕುತ್ತದೆ. ಒಂದು ಗಂಟೆಯ ಕೆಲಸಕ್ಕೂ ಇಡೀ ದಿನದ ಕೆಲಸಕ್ಕೂ ಇರುವ ಅಂತರ ಇದು. ಸೈಲೆನ್ಸರ್ ಪೈಪಿನ ಮೇಲೆ ಹನಿ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ತಡಮಾಡಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರ್ ಸಾಕೆಟ್ ಬಿಡಿಸಿ ಅದನ್ನೂ ನೋಡಲು ಹೇಳಿ. ಒಳಗೆ ಆಯಿಲ್ ಒಸರಿದ್ದರೆ ಆ ಅಗ್ಗದ ಸ್ವಿಚ್ ಒಂದನ್ನು ಬದಲಿಸಿದರೆ ಮುಗಿಯಿತು. ನಿಜವಾಗಿ ಹಿಂದಿನ ಸೀಲೇ ಆಗಿದ್ದರೆ, ಗೇರ್‌ಬಾಕ್ಸ್ ಇಳಿದಿರುವಾಗಲೇ ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ನೋಡಿಸಿಕೊಳ್ಳಿ. ಅದಕ್ಕೆ ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ.

ಪ್ರಶ್ನೆ: ಫಿಲ್ಟರ್ ಸಡಿಲಬಿಟ್ಟು ಆಯಿಲೆಲ್ಲ ಹೋಗಿ ಎಂಜಿನ್ ಸೀಜ್ ಆಯಿತು. ಗ್ಯಾರೇಜಿನವರು ಜವಾಬ್ದಾರಿ ಒಪ್ಪುತ್ತಿಲ್ಲ. ವಿಮೆ ಸಿಗುತ್ತದೆಯೇ? (ಬೆಂಗಳೂರು)

ಉತ್ತರ: ಸಾಮಾನ್ಯ ವಾಹನ ವಿಮೆ ಇದನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದರೆ ಅದರ ಷರತ್ತು ಓದಿ ನೋಡಿ. ಗ್ಯಾರೇಜಿನ ವಿರುದ್ಧ ಹೋಗುವುದಾದರೆ ಸಾಕ್ಷ್ಯ ಕೆಡಿಸಬೇಡಿ: ಎಂಜಿನ್ ಬಿಚ್ಚುವ ಮೊದಲೇ ಫಿಲ್ಟರ್, ಡ್ರೈನ್ ಬೋಲ್ಟ್, ಕೆಳಗೆ ಚೆಲ್ಲಿದ ಆಯಿಲ್, ಕಿಲೋಮೀಟರ್ ಅಂಕಿ ಎಲ್ಲದರ ಫೋಟೊ ತೆಗೆಯಿರಿ, ಬೇರೊಂದು ಗ್ಯಾರೇಜಿನಿಂದ ಬರಹದಲ್ಲಿ ತಪಾಸಣಾ ವರದಿ ಪಡೆಯಿರಿ. ಜಾಬ್ ಕಾರ್ಡ್ (ಗ್ಯಾರೇಜು ಬರೆದುಕೊಟ್ಟ ಕೆಲಸದ ಚೀಟಿ), ಬಿಲ್ಲು ಜೋಪಾನ. ಮೊದಲು ಲಿಖಿತ ನೋಟಿಸ್ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆಗೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಘಟನೆ ನಡೆದ 2 ವರ್ಷದೊಳಗೆ ಕೊಡಬೇಕು. ನೀವು ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧವಿಟ್ಟುಕೊಳ್ಳಿ: ಕೆಂಪು ದೀಪ ಹೊತ್ತಿದ ಮೇಲೆ ಎಷ್ಟು ದೂರ ಓಡಿಸಿದಿರಿ? ಎದುರಿನವರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಸೋರಿಕೆ ನಿಂತಿತು, ಆದರೆ ಗೇಟಿನೊಳಗೆ ರಂಗೋಲಿ ಹಾಕುವ ಜಾಗದಲ್ಲೇ ಸಿಮೆಂಟ್ ನೆಲದ ಮೇಲೆ ಕಲೆ ಉಳಿದಿದೆ. ತೆಗೆಯುವುದು ಹೇಗೆ? (ಮೈಸೂರು)

ಉತ್ತರ: ನೀರು ಸುರಿಯಬೇಡಿ, ಹರಡುತ್ತದೆ. ಮರದ ಹೊಟ್ಟನ್ನೋ ಒಣ ಸಿಮೆಂಟನ್ನೋ ಬೆರಳು ದಪ್ಪ ಹರಡಿ, ಹಳೇ ಚಪ್ಪಲಿಯಲ್ಲಿ ತುಳಿದು ಒತ್ತಿ, ರಾತ್ರಿಯಿಡೀ ಬಿಡಿ. ಅದಿಲ್ಲದಿದ್ದರೆ ರಂಗೋಲಿ ಪುಡಿಯೇ ಆದೀತು. ಬೆಳಿಗ್ಗೆ ಗುಡಿಸಿ, ಬಟ್ಟೆ ಸೋಪಿನ ಪುಡಿಯನ್ನು ಬಿಸಿನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿದು, ಅರ್ಧ ಗಂಟೆ ಬಿಟ್ಟು ಗಡಸು ಬ್ರಷ್ಷಿನಲ್ಲಿ ಉಜ್ಜಿ. ಎರಡು ಮೂರು ಸಲ ಮಾಡಿದರೆ ಹೊಸ ಕಲೆ ಹೋಗುತ್ತದೆ. ತಿಂಗಳುಗಟ್ಟಲೆ ಹೀರಿಕೊಂಡದ್ದು ಮಸುಕಾದೀತೇ ಹೊರತು ಪೂರ್ತಿ ಹೋಗದು. ಗುಡಿಸಿದ ಹೊಟ್ಟನ್ನು ಬಚ್ಚಲ ಒಲೆಗೆ ಹಾಕಬೇಡಿ, ಚರಂಡಿಗೂ ಬೇಡ. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಇನ್ನೊಂದು ವಾರ ಕಾರಿನಡಿ ರಟ್ಟು ಹಾಸುವುದನ್ನು ಬಿಡಬೇಡಿ.